ಪೊಲೀಸರ ಲೆಕ್ಕದಲ್ಲಿ ನಾವೆಷ್ಟು ಮಂದಿ?

ನಮ್ಮಪ್ಪನ ಲೆಕ್ಕದಲ್ಲಿ ಅವತ್ತು ಐದು ಸಾವಿರ ಜನ ಇದ್ದರು. 1987ರಲ್ಲಿ ಬೆಳಗಾವಿ ಜಿಲ್ಲೆಯ ಬೆಂಡಿಗೇರಿಯಲ್ಲಿ ದಲಿತರಿಗೆ ಮಲ ತಿನ್ನಿಸಿದ ಸುದ್ದಿ ರಾಜ್ಯದ ತುಂಬ ಹಬ್ಬಿದಾಗ ದೂರದ ನಮ್ಮ ತಾಲ್ಲೂಕಿನಲ್ಲೂ ಒಂದು ಮೆರವಣಿಗೆ ನಡೆಯಿತು. ಅಪ್ಪನಿಗೆ ಆಗ ಇಪ್ಪತ್ತೆರಡು ವರ್ಷ. ಅವತ್ತಿನ ಕೂಲಿ ಬಿಟ್ಟು, ಕೇರಿಯ ಹದಿನಾಲ್ಕು ಜನರ ಜೊತೆ ಒಂಬತ್ತು ಮೈಲಿ ನಡೆದುಕೊಂಡು ಹೋಗಿದ್ದ. "ಬಸ್‌ಸ್ಟ್ಯಾಂಡಿಂದ ತಾಲ್ಲೂಕಾಫೀಸ್ ಗಂಟ ಬರೀ ತಲೆಗಳೇ ಕಣ್ಲಾ. ಐದ್ ಸಾವ್ರಕ್ಕೆ ಒಂದ್ ತಲೆ ಕಮ್ಮಿ ಇರ್ಲಿಲ್ಲ" ಎಂದು ಈಗಲೂ ಹೇಳುತ್ತಾನೆ. ನಾನು ಎಂ.ಎ. ಓದುವಾಗ ಗ್ರಂಥಾಲಯದಲ್ಲಿ ಆ ವಾರದ ಪತ್ರಿಕೆಗಳನ್ನು ತಿರುವಿ ಹಾಕಿದೆ. ಒಂದರಲ್ಲಿ ಮಾತ್ರ ಒಳಪುಟದ ಮೂಲೆಯಲ್ಲಿ ನಾಲ್ಕು ಸಾಲು ಸಿಕ್ಕಿತು. 'ಕೆಲವು ನೂರು ಮಂದಿ' ಎಂದು ಅದರಲ್ಲಿತ್ತು.

ಐದು ಸಾವಿರಕ್ಕೂ ಕೆಲವು ನೂರಕ್ಕೂ ನಡುವೆ ಇದ್ದ ಜನ ಎಲ್ಲಿ ಹೋದರು? ಇತಿಹಾಸದ ವಿದ್ಯಾರ್ಥಿಯಾಗಿ ನನಗೆ ಬಂದ ಮೊದಲ ನಿಜವಾದ ಪ್ರಶ್ನೆ ಇದು. ಪರೀಕ್ಷೆಗೆ ಓದಿದ ಪ್ರಶ್ನೆಗಳಿಗೆಲ್ಲ ಉತ್ತರ ಪುಸ್ತಕದಲ್ಲೇ ಇತ್ತು. ಇದಕ್ಕೆ ಉತ್ತರ ಇರಬಹುದಾದ ಜಾಗ ಒಂದೇ, ಪೊಲೀಸ್ ಠಾಣೆ. ಏಕೆಂದರೆ ನಮ್ಮ ಜನ ಒಂದು ಕಡೆ ಸೇರಿದಾಗಲೆಲ್ಲ ತಪ್ಪದೆ ಬಂದು, ನಿಂತು, ಎಣಿಸಿ, ಬರೆದುಕೊಂಡು ಹೋಗುವವರು ಅವರೇ. ಮದುವೆಗೆ ನೆಂಟರು ತಪ್ಪಿಸಿಕೊಂಡಾರು, ನಮ್ಮ ಧರಣಿಗೆ ಪೊಲೀಸರು ತಪ್ಪಿಸಿಕೊಳ್ಳುವುದಿಲ್ಲ.

ದಲಿತ ವಿಮರ್ಶೆಯ ಸಂಚಿಕೆಗೆ ಇದೆಂಥ ವಿಷಯ ಎಂದು ಕೆಲವರು ಕೇಳಬಹುದು. ನನ್ನ ದೃಷ್ಟಿಯಲ್ಲಿ ಇದು ವಿಮರ್ಶೆಯದೇ ವಿಷಯ. 1975ರಲ್ಲಿ ಬಂದ ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಸಂಕಲನದ ಬಗ್ಗೆ ನಮ್ಮಲ್ಲಿ ಎಷ್ಟೊಂದು ಬರೆದಿದ್ದಾರೆ. ಅದರ ಭಾಷೆ, ಸಿಟ್ಟು, ಪ್ರತಿಮೆ, ನವ್ಯದಿಂದ ಅದು ಕಡಿದುಕೊಂಡ ಬಗೆ, ಎಲ್ಲವೂ ಚರ್ಚೆಯಾಗಿದೆ. ಆದರೆ ಆ ಹಾಡುಗಳು ಬದುಕಿದ್ದು ಬೀದಿಯಲ್ಲಿ. ಬೀದಿಯಲ್ಲಿ ಅವನ್ನು ಹಾಡಿದವರು ಎಷ್ಟು ಜನ, ಯಾವ ಊರವರು, ಹೇಗೆ ಬಂದರು, ಬುತ್ತಿ ಏನು ತಂದಿದ್ದರು, ರಾತ್ರಿ ಹೇಗೆ ವಾಪಸ್ ಹೋದರು? ಪ್ರತಿಮೆಗಳನ್ನು ಎಣಿಸಿದ ವಿಮರ್ಶೆ ಹಾಡಿದ ಬಾಯಿಗಳನ್ನು ಎಣಿಸಲಿಲ್ಲ. ಆ ಕೆಲಸವನ್ನು ಪೊಲೀಸರಿಗೆ ಬಿಟ್ಟುಕೊಟ್ಟೆವು. ಅವರು ಬರೆದದ್ದನ್ನು ನಮಗೆ ತೋರಿಸಿ ಎಂದು ಕೇಳಲೂ ಇಲ್ಲ.

ಎಣಿಸುವುದರ ಬಗ್ಗೆ ನಮ್ಮವರಿಗೆ ಇರುವ ಭಯ ಸುಮ್ಮನೆ ಬಂದದ್ದಲ್ಲ. 'ಹಾಜರಿ' ಎಂಬ ಪದವನ್ನೇ ತಗೊಳ್ಳಿ. ನಾನು ದಿನಾ ಬೆಳಿಗ್ಗೆ ತರಗತಿಯಲ್ಲಿ ಹಾಜರಿ ಕೂಗುತ್ತೇನೆ, ಮಕ್ಕಳು 'ಎಸ್ ಸಾರ್' ಅನ್ನುತ್ತಾರೆ, ಅಷ್ಟಕ್ಕೆ ಮುಗಿಯಿತು. ಇದೇ ಪದಕ್ಕೆ ಕನ್ನಡ ನಾಡಿನಲ್ಲೇ ಇನ್ನೊಂದು ಚರಿತ್ರೆಯಿದೆ. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆಯಡಿ ಹುಟ್ಟಿನಿಂದಲೇ ಕಳ್ಳರೆಂದು ಹಣೆಪಟ್ಟಿ ಹಚ್ಚಿಸಿಕೊಂಡ ಸಮುದಾಯಗಳು ಹೊತ್ತು ಹೊತ್ತಿಗೆ ಅಧಿಕಾರಿಯ ಮುಂದೆ ನಿಂತು ಹಾಜರಿ ಹಾಕಬೇಕಿತ್ತು. ಮುಂಬಯಿ ಕರ್ನಾಟಕದ ಹುಬ್ಬಳ್ಳಿ, ಗದಗ, ವಿಜಾಪುರಗಳಲ್ಲಿ ಅವರಿಗಾಗಿ ಸೆಟ್ಲಮೆಂಟುಗಳಿದ್ದವು. ಕೊರಚರು, ಗಂಟಿಚೋರರು, ಹರಣಶಿಕಾರಿಗಳನ್ನು ಅಲ್ಲಿ ಕೂಡಿಹಾಕಿದ್ದರು. ಹುಬ್ಬಳ್ಳಿಯಲ್ಲಿ ಆ ಜಾಗಕ್ಕೆ ಸೆಟ್ಲಮೆಂಟ್ ಎಂಬ ಹೆಸರು ಇವತ್ತಿಗೂ ಅಂಟಿಕೊಂಡಿದೆ. ಅಲ್ಲಿ ಹಾಜರಿ ತಪ್ಪಿಸುವುದೇ ಅಪರಾಧ. 1952ರಲ್ಲಿ ಆ ಕಾಯ್ದೆ ರದ್ದಾಯಿತು. ಆದರೆ ಕಾಯ್ದೆ ರದ್ದಾದ ದಿನವೇ ಮೈಯೊಳಗಿನ ಭಯವೂ ರದ್ದಾಗುವುದಿಲ್ಲವಲ್ಲ. ಅಂದರೆ ಪ್ರಭುತ್ವಕ್ಕೆ ನಮ್ಮ ಲೆಕ್ಕ ಗೊತ್ತಿಲ್ಲ ಎಂದಲ್ಲ. ಅದು ಯಾವಾಗ ಎಣಿಸುತ್ತದೆ, ಯಾವಾಗ ಎಣಿಸಿಯೂ ಎಣಿಸಿಲ್ಲ ಅನ್ನುತ್ತದೆ ಎಂಬುದೇ ಪ್ರಶ್ನೆ.

ಸಂಖ್ಯೆಯ ಜಗಳ ಮಹಾಡ್‌ನಿಂದಲೇ ಶುರುವಾಗುತ್ತದೆ. 1923ರಲ್ಲಿ ಎಸ್.ಕೆ. ಬೋಲೆಯವರ ನಿರ್ಣಯ ಮುಂಬಯಿ ಶಾಸನ ಪರಿಷತ್ತಿನಲ್ಲಿ ಪಾಸಾಗಿ, ಸಾರ್ವಜನಿಕ ಕೆರೆ ಬಾವಿಗಳು ಅಸ್ಪೃಶ್ಯರಿಗೂ ಮುಕ್ತ ಎಂದಾಯಿತು. ಮರುವರ್ಷ ಮಹಾಡ್ ಪುರಸಭೆ ಚವದಾರ್ ಕೆರೆಯನ್ನು ಕಾಗದದ ಮೇಲೆ ತೆರೆಯಿತು. ನೀರು ಮುಟ್ಟಲು ಮಾತ್ರ ಯಾರಿಗೂ ಬಿಡಲಿಲ್ಲ. 1927ರ ಮಾರ್ಚ್ 19 ಮತ್ತು 20ರಂದು ಸಮ್ಮೇಳನ ಸೇರಿತು, 20ರಂದು ಜನ ನಡೆದು ಹೋಗಿ ನೀರು ಕುಡಿದರು. ಆಮೇಲೆ ಇವರು ವೀರೇಶ್ವರ ದೇವಸ್ಥಾನಕ್ಕೂ ನುಗ್ಗುತ್ತಾರೆ ಎಂಬ ಗಾಳಿಸುದ್ದಿ ಹಬ್ಬಿಸಿ, ಊಟಕ್ಕೆ ಕೂತವರನ್ನೂ ಊರಿಗೆ ಹೊರಟವರನ್ನೂ ಹೊಡೆದರು. ಇದು ನಮಗೆಲ್ಲ ಗೊತ್ತಿರುವ ಕಥೆ. ಆದರೆ ಅವತ್ತು ಎಷ್ಟು ಜನ ಸೇರಿದ್ದರು? ಧನಂಜಯ ಕೀರ್ ಬರೆದ ಜೀವನಚರಿತ್ರೆಯಲ್ಲಿ ಸುಮಾರು ಹತ್ತು ಸಾವಿರ ಎಂದಿದೆ. ನಮ್ಮ ಭಾಷಣಗಳಲ್ಲೆಲ್ಲ ಓಡಾಡುವ ಸಂಖ್ಯೆ ಅದೇ. ಬಾಬಾಸಾಹೇಬರು ತಾವೇ ಬರೆದಿರುವುದು ಎರಡೂವರೆ ಸಾವಿರದ ಆಸುಪಾಸಿನ ಲೆಕ್ಕ.

ಇದನ್ನು ಮೊದಲ ಸಲ ಓದಿದಾಗ ನನಗೆ ಮುಜುಗರವಾಯಿತು, ನಿಜ ಹೇಳುತ್ತೇನೆ. ನಮ್ಮ ಸಂಖ್ಯೆಯೇ ದೊಡ್ಡದಿರಲಿ ಎಂದು ಮನಸ್ಸು ಹೇಳುತ್ತಿತ್ತು. ಅಪ್ಪನ ಐದು ಸಾವಿರವೂ ಹೀಗೇ ಬೆಳೆದ ಸಂಖ್ಯೆ ಇರಬಹುದೇ ಎಂಬ ಅನುಮಾನ ಹುಟ್ಟಿದ್ದೂ ಆಗಲೇ. ಆದರೆ ಯೋಚಿಸಿ ನೋಡಿ. ಕೆರೆ ಮುಟ್ಟಿದರೆ ತಲೆ ಒಡೆಯುತ್ತದೆ ಎಂದು ಗೊತ್ತಿದ್ದ ಕಾಲದಲ್ಲಿ, ರೈಲು ಬಸ್ಸಿಲ್ಲದ ಹಳ್ಳಿಗಳಿಂದ ಎರಡೂವರೆ ಸಾವಿರ ಜನ ಸೇರಿದ್ದು ಸಣ್ಣ ಮಾತೇ? ಅದನ್ನು ಹತ್ತು ಸಾವಿರ ಮಾಡಿದರೆ ಬಾಬಾಸಾಹೇಬರ ಗೌರವ ಹೆಚ್ಚುವುದಿಲ್ಲ. ತಮ್ಮ ಚಳವಳಿಯ ಸಂಖ್ಯೆಯನ್ನು ಉಬ್ಬಿಸದೆ ಬರೆಯುವ ಧೈರ್ಯ ಅವರಿಗಿತ್ತು.

ಅದೇ ವರ್ಷದ ಡಿಸೆಂಬರಿನಲ್ಲಿ ಎರಡನೇ ಸಮ್ಮೇಳನ. ಮನುಸ್ಮೃತಿ ಸುಟ್ಟಿದ್ದು ಆ ಸಲ, 25ರ ರಾತ್ರಿ. ಅಷ್ಟರಲ್ಲಿ ಸವರ್ಣೀಯರು ಕೋರ್ಟಿಗೆ ಹೋಗಿ, ಕೆರೆ ಖಾಸಗಿ ಸ್ವತ್ತು ಎಂದು ಹೇಳಿ ತಡೆಯಾಜ್ಞೆ ತಂದಿದ್ದರು. ಜಿಲ್ಲಾಧಿಕಾರಿ ಸಭೆಗೇ ಬಂದು, ಕಾನೂನು ಮುರಿಯಬೇಡಿ ಎಂದು ಹೇಳಿಹೋದ. ಆಗ ಸಮ್ಮೇಳನ ಒಂದು ಕೆಲಸ ಮಾಡಿತು. ಜೈಲಿಗೆ ಹೋಗಲು ಸಿದ್ಧರಿರುವವರು ಹೆಸರು ಬರೆಸಿ ಎಂದಿತು. 3,884 ಮಂದಿ ಬರೆಸಿದರು. ನನಗೆ ಮಹಾಡ್‌ನಲ್ಲಿ ಅತ್ಯಂತ ಮುಖ್ಯವಾದ ದಾಖಲೆ ಇದು ಅನ್ನಿಸುತ್ತದೆ. ಇದು ಪೊಲೀಸರ ಪಟ್ಟಿಯಲ್ಲ, ಸೆಟ್ಲಮೆಂಟಿನ ಹಾಜರಿಯೂ ಅಲ್ಲ. ಗೊತ್ತಿದ್ದೂ ಗೊತ್ತಿದ್ದೂ ತಮ್ಮ ಹೆಸರನ್ನು ತಾವೇ ಒಪ್ಪಿಸಿದವರ ಪಟ್ಟಿ. ಕೊನೆಗೆ ಸತ್ಯಾಗ್ರಹ ಮುಂದಕ್ಕೆ ಹೋಯಿತು, ಕೋರ್ಟಿನ ತೀರ್ಪಿಗಾಗಿ ಕಾಯುವುದೆಂದಾಯಿತು. ಹೈಕೋರ್ಟಿನ ಅಂತಿಮ ತೀರ್ಪು ನಮ್ಮ ಪರವಾಗಿ ಬಂದದ್ದು 1937ರ ಮಾರ್ಚ್ 17ಕ್ಕೆ. ಒಂದು ಬೊಗಸೆ ನೀರಿಗೆ ಹತ್ತು ವರ್ಷ.

1930ರ ಮಾರ್ಚಿನಲ್ಲಿ ನಾಸಿಕದ ಕಾಳಾರಾಮ ದೇವಸ್ಥಾನದ ಮುಂದೆ ನಡೆದ ಸತ್ಯಾಗ್ರಹದ ಹೊತ್ತಿಗೆ ಎಣಿಕೆ ಇನ್ನೂ ಖಚಿತವಾಗಿದೆ. ಸುಮಾರು ಹದಿನೈದು ಸಾವಿರ ಜನ, ಒಂದು ಮೈಲಿಗೂ ಉದ್ದದ ಮೆರವಣಿಗೆ. ಮಾರನೆಯ ದಿನ ನಾಲ್ಕು ಬಾಗಿಲುಗಳ ಮುಂದೆ ಕೂತ ಮೊದಲ ತಂಡದಲ್ಲಿ 125 ಗಂಡಸರು, 25 ಹೆಂಗಸರು. ಈ 25 ಹೆಂಗಸರು ಯಾರು, ಮನೆಯಲ್ಲಿ ಮಕ್ಕಳನ್ನು ಯಾರಿಗೆ ಒಪ್ಪಿಸಿ ಬಂದಿದ್ದರು ಎಂದು ಕೇಳುವ ಇತಿಹಾಸ ನಮ್ಮ ಪಠ್ಯದಲ್ಲಿಲ್ಲ. 25 ಎಂಬ ಸಂಖ್ಯೆಯೇ ಇಲ್ಲದಿದ್ದರೆ ಆ ಪ್ರಶ್ನೆಯೂ ಹುಟ್ಟುತ್ತಿರಲಿಲ್ಲ.

ಇಂಥ ವಿವರಗಳ ಒಂದು ದೊಡ್ಡ ಭಾಗ ನಮಗೆ ಸಿಕ್ಕಿರುವುದು ಬ್ರಿಟಿಷ್ ಪೊಲೀಸರ ಗುಪ್ತ ವರದಿಗಳಿಂದ. ಮಹಾರಾಷ್ಟ್ರ ಸರ್ಕಾರ 1982ರಲ್ಲಿ ಅಂಬೇಡ್ಕರ್ ಮತ್ತು ಅಸ್ಪೃಶ್ಯರ ಚಳವಳಿಯ ಆಕರಗಳ ಸಂಪುಟವೊಂದನ್ನು ಪ್ರಕಟಿಸಿತು. ಅದರಲ್ಲಿ ಹಳೆಯ ಪತ್ರಿಕಾ ವರದಿಗಳ ಜೊತೆಗೆ ಪೊಲೀಸರ ಗುಪ್ತ ಟಿಪ್ಪಣಿಗಳೂ ಇವೆ. ಎಲ್ಲಿ ಸಭೆ, ಯಾರು ಮಾತಾಡಿದರು, ಏನಂದರು, ಎಷ್ಟು ಜನ ಕೇಳಿದರು, ಎಲ್ಲವನ್ನೂ ಬೇಹಿನವನು ಕೂತು ಬರೆದಿದ್ದಾನೆ. ಅವನು ಬರೆದದ್ದು ನಮ್ಮ ಮೇಲಿನ ಪ್ರೀತಿಗಲ್ಲ, ಅನುಮಾನಕ್ಕೆ. ಆದರೂ ಅವನ ಅನುಮಾನದ ಶಾಯಿಯೇ ಇವತ್ತು ನಮ್ಮ ಆಕರ. ನಮ್ಮನ್ನು ಮೆಚ್ಚಿಕೊಂಡ ಸುಧಾರಕರು ಇಷ್ಟು ವಿವರ ಬರೆದಿಟ್ಟಿಲ್ಲ.

ಇಲ್ಲಿ ರಣಜಿತ್ ಗುಹಾ ನೆನಪಾಗುತ್ತಾರೆ. ಪ್ರಭುತ್ವದ ಕಡತವನ್ನು ತಿರುವುಮುರುವಾಗಿ ಓದಬೇಕು, ಅದು ದಂಗೆಕೋರ ಎಂದಲ್ಲಿ ಬಂಡಾಯಗಾರ ಎಂದು ಓದಿಕೊಳ್ಳಬೇಕು ಎಂದು ಸಬಾಲ್ಟರ್ನ್ ಇತಿಹಾಸಕಾರರು ನಮಗೆ ಕಲಿಸಿದರು. ತರಗತಿಯಲ್ಲಿ ನಾನೂ ಇದನ್ನೇ ಪಾಠ ಮಾಡುತ್ತೇನೆ. ಆದರೆ ನನ್ನ ತಕರಾರು ಬೇರೆ. ತಿರುವಿ ಓದಲು ಮೊದಲು ಕಡತ ಕೈಗೆ ಬರಬೇಕಲ್ಲ? ವಸಾಹತು ಕಾಲದ ಕಡತಗಳು ಪತ್ರಾಗಾರಗಳಲ್ಲಿವೆ, ವಿದ್ವಾಂಸರು ಹೋಗಿ ಓದುತ್ತಾರೆ. ಸ್ವತಂತ್ರ ಭಾರತದ ಪೊಲೀಸರು ನಮ್ಮಪ್ಪನ ತಲೆಮಾರಿನ ಬಗ್ಗೆ ಬರೆದಿಟ್ಟದ್ದು ಎಲ್ಲಿದೆ? ಅಂದರೆ 1920ರ ದಶಕದ ದಲಿತನ ಬಗ್ಗೆ ಸಿಗುವಷ್ಟು ಪೊಲೀಸ್ ದಾಖಲೆ 1980ರ ದಶಕದ ದಲಿತನ ಬಗ್ಗೆ ನನ್ನಂಥವನ ಕೈಗೆ ಸಿಗುವುದಿಲ್ಲ. ವಿದ್ವತ್ತಿನ ಲೋಕ ಇದನ್ನೊಂದು ಸಮಸ್ಯೆ ಎಂದು ಇನ್ನೂ ಒಪ್ಪಿಕೊಂಡಂತಿಲ್ಲ.

ಸರಿ, ಕೇಳಿಯೇ ಬಿಡೋಣ ಎಂದು 2023ರಲ್ಲಿ ಮಾಹಿತಿ ಹಕ್ಕಿನ ಅರ್ಜಿ ಹಾಕಿದೆ.

ಈ ಹಕ್ಕು ಹುಟ್ಟಿದ್ದೂ ಒಂದು ಹಾಜರಿ ಪಟ್ಟಿಯ ಜಗಳದಿಂದಲೇ ಎಂಬುದನ್ನು ನನ್ನ ವಿದ್ಯಾರ್ಥಿಗಳಿಗೆ ಹೇಳುವಾಗ ನನಗೆ ಖುಷಿಯಾಗುತ್ತದೆ. ರಾಜಸ್ಥಾನದಲ್ಲಿ ಬರಗಾಲದ ಕಾಮಗಾರಿಗೆ ಹೋದ ಕೂಲಿಗಳು, ನಮ್ಮ ಹೆಸರಿನಲ್ಲಿ ಯಾರು ದುಡ್ಡು ತಿಂದರು, ಮಸ್ಟರ್ ರೋಲ್ ತೋರಿಸಿ ಎಂದರು. 1994ರ ಡಿಸೆಂಬರಿನಲ್ಲಿ ಕೋಟ್‌ಕಿರಾಣಾದಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆ ಮೊದಲ ಜನಸುನಾವಣಿ ನಡೆಸಿತು. 1996ರಲ್ಲಿ ಬ್ಯಾವರ್‌ನಲ್ಲಿ ನಲವತ್ತು ದಿನ ಧರಣಿ ಕೂತರು. ಕರ್ನಾಟಕಕ್ಕೆ 2000ದಲ್ಲೇ ತನ್ನದೊಂದು ಕಾಯ್ದೆ ಬಂತು, ದೇಶಕ್ಕೆ 2005ರಲ್ಲಿ. ಓದು ಬರಹ ಬಾರದ ಕೂಲಿಗಳು ಹಾಜರಿ ಪುಸ್ತಕ ಕೇಳಿದ್ದರಿಂದ ಎಂ.ಎ. ಮಾಡಿದ ನನಗೆ ಅರ್ಜಿ ಬರೆಯುವ ಹಕ್ಕು ಸಿಕ್ಕಿತು. ಈ ಋಣವನ್ನು ಮರೆತು ಮಾಹಿತಿ ಹಕ್ಕನ್ನು ಮಧ್ಯಮವರ್ಗದ ಹವ್ಯಾಸವೆಂದು ಲೇವಡಿ ಮಾಡುವ ಗೆಳೆಯರು ನನಗಿದ್ದಾರೆ.

ನಮ್ಮ ರಾಜ್ಯದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, 150 ಪದ ಮೀರಬಾರದು. ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಲಗತ್ತಿಸಿದೆ. ಎಷ್ಟು ಜನ ಸೇರಿದ್ದರೆಂದು ಠಾಣೆಯ ದಿನಚರಿಯಲ್ಲಿ ಬರೆದಿರುವ ಪುಟದ ಪ್ರತಿ, ಅಂದಿನ ಬಂದೋಬಸ್ತ್ ಆದೇಶದ ಪ್ರತಿ, ಮೆರವಣಿಗೆಗೆ ಅನುಮತಿ ಕೇಳಿದ ಪತ್ರದ ಪ್ರತಿ. ಮೂರೇ ಕೇಳಿದ್ದು. ಬಂದೋಬಸ್ತ್ ಆದೇಶ ಯಾಕೆಂದರೆ, ಜನರನ್ನು ಎಣಿಸದಿದ್ದರೂ ಎಷ್ಟು ಕಾನ್‌ಸ್ಟೇಬಲ್‌ಗಳನ್ನು, ಎಷ್ಟು ವ್ಯಾನುಗಳನ್ನು ಕಳಿಸಿದರು ಎಂದು ಗೊತ್ತಾದರೆ ನಮ್ಮನ್ನು ಎಷ್ಟು ಮಂದಿ ಎಂದು ಅಂದಾಜು ಮಾಡಿದ್ದರು ಎಂಬುದು ತಿಳಿಯುತ್ತದೆ. ನಾಲ್ಕು ನೂರು ಜನಕ್ಕೆ ಯಾರೂ ಮೀಸಲು ಪಡೆ ತರಿಸುವುದಿಲ್ಲ.

ಮೂವತ್ತು ದಿನ ಆಗುವುದರೊಳಗೆ ಉತ್ತರ ಬಂತು. 'ಕೋರಿರುವ ಮಾಹಿತಿ ಈ ಕಚೇರಿಯಲ್ಲಿ ಲಭ್ಯವಿಲ್ಲ.' ಒಂದೇ ಸಾಲು. ಮೇಲ್ಮನವಿ ಹಾಕಿದೆ. ವಿಚಾರಣೆಗೆ ಕರೆದರು. ಹಿರಿಯ ಅಧಿಕಾರಿ ಸಭ್ಯರೇ, ಕೂರಿಸಿ ಮಾತಾಡಿಸಿದರು. "ಮೇಷ್ಟ್ರೇ, ಹಳೇದೆಲ್ಲ ಯಾಕೆ ಕೆದಕ್ತೀರಿ? ಯಾವ ಸಂಘಟನೆ ನಿಮ್ದು? ಇದನ್ನಿಟ್ಟುಕೊಂಡು ಏನು ಮಾಡ್ತೀರಿ?" ಕಾಯ್ದೆಯ 6(2)ನೇ ಕಲಂ ಪ್ರಕಾರ ಅರ್ಜಿದಾರ ಕಾರಣ ಹೇಳಬೇಕಿಲ್ಲ ಎಂದು ನಾನು ಮೆಲ್ಲಗೆ ಹೇಳಿದೆ. ಅವರು ನಕ್ಕರು. "ಕಾಯ್ದೆ ನಮಗೂ ಗೊತ್ತು, ಸುಮ್ನೆ ಕೇಳಿದೆ" ಅಂದರು.

ಆ ಸುಮ್ಮನೆ ಕೇಳಿದ್ದರ ಅರ್ಥ ಎಂಟು ದಿನ ಬಿಟ್ಟು ತಿಳಿಯಿತು. ಊರಿಗೆ ಬೀಟ್ ಪೊಲೀಸ್ ಬಂದಿದ್ದ. ಕೇರಿಯ ಬಾಗಿಲಲ್ಲೇ ಬೈಕ್ ನಿಲ್ಲಿಸಿ, ಮಗ ಎಲ್ಲಿ ಕೆಲಸ ಮಾಡುತ್ತಾನೆ, ಪರ್ಮನೆಂಟೋ ಗೆಸ್ಟೋ, ಮನೆಗೆ ಯಾರ್‍ಯಾರು ಬರುತ್ತಾರೆ ಎಂದು ಅವ್ವನನ್ನು ಕೇಳಿ ಹೋದನಂತೆ. ನಾನು ಅತಿಥಿ ಉಪನ್ಯಾಸಕ. ಪ್ರತಿವರ್ಷ ಪಟ್ಟಿ ಹೊಸದಾಗುತ್ತದೆ, ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಮನೆಗೆ. ಅವ್ವ ಫೋನಿನಲ್ಲಿ ಅತ್ತಳು. "ನಿಮ್ಮಪ್ಪ ಅವತ್ತು ಹೋಗ್ಬಂದಿದ್ಕೆ ಆರು ತಿಂಗ್ಳು ಯಾರೂ ಕೂಲಿಗ್ ಕರೀಲಿಲ್ಲ. ನೀನ್ ಎಲ್ಲೂ ಹೋಗ್ದೆ ಬರೀ ಕಾಗ್ದ ಬರ್ದು ಕೆಲ್ಸ ಕಳ್ಕೋತೀಯಾ?" ಎಂದಳು.

ಆರು ತಿಂಗಳು ಕೂಲಿಗೆ ಕರೆಯಲಿಲ್ಲ ಎಂಬುದು ನನಗೆ ಅವತ್ತೇ ಗೊತ್ತಾದದ್ದು. ಅಪ್ಪ ಐದು ಸಾವಿರದ ಕಥೆ ನೂರು ಸಲ ಹೇಳಿದ್ದಾನೆ, ಇದನ್ನು ಒಂದು ಸಲವೂ ಹೇಳಿರಲಿಲ್ಲ. ಯಾರು ಯಾರು ಮೆರವಣಿಗೆಗೆ ಹೋಗಿದ್ದರು ಎಂಬುದು ಊರಿನ ಗೌಡರಿಗೆ ಹೇಗೆ ಗೊತ್ತಾಯಿತು? ಹದಿನೈದು ಜನರೂ ಕತ್ತಲಲ್ಲೇ ಎದ್ದು ಹೋಗಿದ್ದರು. ಅವರ ಹೆಸರುಗಳನ್ನು ಯಾರೋ ಬರೆದುಕೊಂಡಿದ್ದರು, ಯಾರೋ ಊರಿಗೆ ಮುಟ್ಟಿಸಿದ್ದರು.

ಇಲ್ಲಿಂದ ನನ್ನ ಪ್ರಶ್ನೆಯ ಸ್ವರೂಪವೇ ಬದಲಾಯಿತು. ನಾನು ಪೊಲೀಸರಿಂದ ಕೇಳುತ್ತಿರುವುದು ಸಂಖ್ಯೆಯನ್ನೋ ಹೆಸರುಗಳನ್ನೋ? ಮೊದಲು ಇವೆರಡರ ನಡುವಿನ ವ್ಯತ್ಯಾಸ ನನ್ನ ತಲೆಗೆ ಹೊಳೆದಿರಲಿಲ್ಲ. ಸಂಶೋಧಕನಿಗೆ ಹೆಸರು ಸಿಕ್ಕಷ್ಟೂ ಆಸೆ. ಆದರೆ ಹೆಸರಿನ ಪಟ್ಟಿ ಹೊರಬಿದ್ದರೆ ಏನಾಗುತ್ತದೆ ಎಂಬುದು ಹಳ್ಳಿಯಲ್ಲಿ ಹುಟ್ಟಿದವರಿಗೆ ಬಿಡಿಸಿ ಹೇಳಬೇಕಿಲ್ಲ. 2000ದ ಮಾರ್ಚ್ 11ರಂದು ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಸುಟ್ಟುಹಾಕಿದ ಪ್ರಕರಣದಲ್ಲಿ ಸಾಕ್ಷಿಗಳು ತಿರುಗಿಬಿದ್ದರು, 2006ರಲ್ಲಿ ಆರೋಪಿಗಳು ಖುಲಾಸೆಯಾದರು. ಸಾಕ್ಷಿಪಟ್ಟಿಯಲ್ಲಿ ಹೆಸರಿದ್ದವರು ಅದೇ ಊರಿನಲ್ಲಿ, ಅದೇ ಜನರ ನಡುವೆ ಬದುಕಬೇಕಿತ್ತು ಎಂಬುದನ್ನು ತೀರ್ಪು ಓದುವ ನಾವು ಮರೆಯುತ್ತೇವೆ.

ಸಭೆಯೊಂದರ ಹೆಸರಿನಲ್ಲಿ ಏನೇನು ಮಾಡಬಹುದು ಎಂಬುದಕ್ಕೆ ನಮ್ಮ ಕಾಲದ್ದೇ ಉದಾಹರಣೆಯಿದೆ. 2017ರ ಡಿಸೆಂಬರ್ 31ರಂದು ಪುಣೆಯ ಶನಿವಾರವಾಡೆಯಲ್ಲಿ ಎಲ್ಗಾರ್ ಪರಿಷತ್ ನಡೆಯಿತು, ಮಾರನೇ ದಿನ ಭೀಮಾ ಕೋರೆಗಾಂವ್‌ನಲ್ಲಿ ಯುದ್ಧಸ್ತಂಭಕ್ಕೆ ನಮಿಸಲು ಬಂದವರ ಮೇಲೆ ದಾಳಿಯಾಯಿತು. ಆ ಸಭೆಯಿಂದ ಶುರುವಾದ ಮೊಕದ್ದಮೆಯಲ್ಲಿ 16 ಜನ ಬಂಧಿತರಾದರು. ತಾನು ಕೋರೆಗಾಂವ್‌ಗೆ ಹೋಗಿಯೇ ಇಲ್ಲ ಎಂದ ಸ್ಟ್ಯಾನ್ ಸ್ವಾಮಿಯವರು 2021ರ ಜುಲೈಯಲ್ಲಿ ಬಂಧನದಲ್ಲಿದ್ದಾಗಲೇ ತೀರಿಕೊಂಡರು. ಮಹಾಡ್ ಬಗ್ಗೆ 2016ರಲ್ಲಿ ದೊಡ್ಡ ಪುಸ್ತಕ ಬರೆದ ಆನಂದ್ ತೇಲ್ತುಂಬ್ಡೆ 2020ರಲ್ಲಿ ಇದೇ ಪ್ರಕರಣದಲ್ಲಿ ಜೈಲಿಗೆ ಹೋಗಿ, 2022ರಲ್ಲಿ ಜಾಮೀನಿನ ಮೇಲೆ ಹೊರಬಂದರು. ದಲಿತ ಸಭೆಗಳ ಇತಿಹಾಸ ಬರೆದವರನ್ನೇ ಒಂದು ಸಭೆಯ ಕಡತದೊಳಗೆ ಸೇರಿಸಿದ್ದಾಯಿತು.

ಹಾಗಾಗಿ ನನ್ನ ನಿಲುವು ಇಷ್ಟು. ಸಂಖ್ಯೆ ಸಾರ್ವಜನಿಕ, ಹೆಸರು ಅವರವರದ್ದು. ಎಷ್ಟು ಜನ ಬಂದರು, ಎಷ್ಟು ಪೊಲೀಸರನ್ನು ಹಾಕಿದರು, ಲಾಠಿ ಬೀಸಲು ಯಾರು ಆದೇಶ ಕೊಟ್ಟರು ಎಂಬುದು ಎಲ್ಲರಿಗೂ ಸೇರಿದ ದಾಖಲೆ. ಬಂದವರ ಹೆಸರು ಅವರಾಗಿಯೇ ಕೊಟ್ಟರೆ ಮಾತ್ರ ಇತಿಹಾಸಕ್ಕೆ, ಮಹಾಡ್‌ನ 3,884 ಜನ ಕೊಟ್ಟ ಹಾಗೆ. ಗೆಳೆಯರೊಬ್ಬರು ಇದನ್ನು ಒಪ್ಪಲಿಲ್ಲ. ಹೆಸರಿಲ್ಲದ ಸಂಖ್ಯೆ ನಮ್ಮನ್ನು ಮತ್ತೆ ಮಂದೆ ಮಾಡುತ್ತದೆ ಎಂದರು. ಅವರ ಮಾತಿನಲ್ಲೂ ಸತ್ಯವಿದೆ. ಆದರೆ ಅವರು ಬೆಂಗಳೂರಿನಲ್ಲಿದ್ದಾರೆ, ಅವರನ್ನು ಕೂಲಿಗೆ ಕರೆಯಬೇಕಾದ ಗೌಡರು ಯಾರೂ ಇಲ್ಲ.

ಈಚೆಗೆ ಕಾಯ್ದೆಯೇ ಬದಲಾಗಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆ ಮಾಹಿತಿ ಹಕ್ಕಿನ 8(1)(ಜೆ) ಕಲಮನ್ನು ತಿದ್ದಿ, ವೈಯಕ್ತಿಕ ಎನಿಸಿದ ಮಾಹಿತಿಯನ್ನೆಲ್ಲ ನಿರಾಕರಿಸಬಹುದು ಎಂದು ಮಾಡಿದೆ. ನನ್ನ ವಾದಕ್ಕೆ ಇದು ಬೆಂಬಲ ಎಂದು ಯಾರಾದರೂ ತಿಳಿದರೆ ಅದು ತಪ್ಪು. ನಮ್ಮ ಹೆಸರುಗಳು ಪೊಲೀಸರ ಬಳಿ ಇದ್ದೇ ಇರುತ್ತವೆ, ಅದಕ್ಕೆ ತಡೆಯೇನೂ ಇಲ್ಲ. ಲಾಠಿ ಬೀಸಲು ಹೇಳಿದ ಅಧಿಕಾರಿಯ ಹೆಸರು ಕೇಳಿದರೆ ಅದು ವೈಯಕ್ತಿಕ ಎನ್ನಲು ದಾರಿಯಾಯಿತು, ಅಷ್ಟೇ.

ಕಾನೂನಿನಲ್ಲಿ ನನಗೆ ಸಹಾಯಕ್ಕೆ ಬಂದದ್ದು 8(3)ನೇ ಕಲಂ. ಇಪ್ಪತ್ತು ವರ್ಷಕ್ಕಿಂತ ಹಿಂದಿನ ಘಟನೆಯ ಮಾಹಿತಿಗೆ, ದೇಶದ ಭದ್ರತೆಯಂಥ ಮೂರು ವಿನಾಯಿತಿಗಳನ್ನು ಬಿಟ್ಟು ಉಳಿದ ನೆಪಗಳು ಸಲ್ಲುವುದಿಲ್ಲ ಎನ್ನುತ್ತದೆ ಅದು. ಚಳವಳಿಯ ಹಳೆಯ ದಾಖಲೆ ಹುಡುಕುವವರು ಇದನ್ನು ಬಾಯಿಪಾಠ ಮಾಡಿಕೊಳ್ಳಬೇಕು. ಕಡತ ಸಿಗುತ್ತಿಲ್ಲ ಎಂದಷ್ಟೇ ಹೇಳಿ ಕೈತೊಳೆದುಕೊಳ್ಳುವಂತಿಲ್ಲ, ಹುಡುಕಬೇಕು, ಯಾರಿಂದ ಕಳೆಯಿತೆಂದು ವಿಚಾರಿಸಬೇಕು ಎಂದು ದೆಹಲಿ ಹೈಕೋರ್ಟ್ 2013ರಲ್ಲಿ ಹೇಳಿದೆ. ಇದನ್ನೆಲ್ಲ ಬರೆದು ಕೊಟ್ಟ ಮೇಲೆ ನನಗೆ ಎರಡು ಹಾಳೆ ಬಂದವು.

ಮೊದಲ ಹಾಳೆಯಲ್ಲಿ, ದಿನಚರಿ ಮತ್ತು ಬಂದೋಬಸ್ತ್ ಕಡತಗಳನ್ನು ಅವಧಿ ಮುಗಿದ ಕಾರಣ ನಾಶಪಡಿಸಲಾಗಿದೆ ಎಂದಿತ್ತು. ಯಾವತ್ತು, ಯಾರ ಆದೇಶದ ಮೇಲೆ ಎಂಬುದಿಲ್ಲ. ಎಲ್ಲವೂ ನಾಶವಾಗುತ್ತದೆಯೇ? ಇಲ್ಲ. 1986ರಲ್ಲಿ ಚಂದ್ರಗುತ್ತಿಯಲ್ಲಿ ಬೆತ್ತಲೆ ಸೇವೆಯನ್ನು ತಡೆಯಲು ಹೋದ ದಲಿತ ಸಂಘರ್ಷ ಸಮಿತಿಯವರ ಮೇಲೆ ಹಲ್ಲೆಯಾದಾಗ ಭಕ್ತರ ಗುಂಪು ಪೊಲೀಸರನ್ನೂ ಬಿಡಲಿಲ್ಲ, ಅವರ ಬಟ್ಟೆಯನ್ನೂ ಕಿತ್ತಿತು. ಸರ್ಕಾರ ನ್ಯಾಯಮೂರ್ತಿ ಚನ್ನಬಸಪ್ಪ ಅವರ ಸಮಿತಿ ನೇಮಿಸಿತು. ಅದಕ್ಕೆ ದಾಖಲೆ ಇದೆ, ವರದಿ ಇದೆ. ಏಟು ಬರೀ ನಮಗೇ ಬಿದ್ದಿದ್ದರೆ ಇಷ್ಟು ಕಾಗದ ಹುಟ್ಟುತ್ತಿತ್ತೇ ಎಂಬ ಅನುಮಾನ ನನಗಿದೆ.

ಎರಡನೆಯ ಹಾಳೆ ಅವತ್ತಿನದೇ ಪ್ರಥಮ ವರ್ತಮಾನ ವರದಿಯ ಪ್ರತಿ. ಅಂಥದ್ದೊಂದು ಕೇಸು ಆಗಿತ್ತೆಂದೇ ನಮಗೆ ಗೊತ್ತಿರಲಿಲ್ಲ. ಭಾರತ ದಂಡ ಸಂಹಿತೆಯ 143, 147, 341, ಜೊತೆಗೆ 149ನೇ ಕಲಂಗಳು. ಅಕ್ರಮ ಕೂಟ, ದೊಂಬಿ, ದಾರಿ ತಡೆದದ್ದು. ಓದುತ್ತಾ ಹೋದಂತೆ ನನ್ನ ಐದು ಸಾವಿರದ ಹುಡುಕಾಟ ಎಲ್ಲಿ ತಪ್ಪಿದೆ ಎಂಬುದು ಹೊಳೆಯಿತು. ಅಕ್ರಮ ಕೂಟ ಎನ್ನಲು ಕಾನೂನಿಗೆ ಐದು ಜನ ಸಾಕು. 1860ರ ಸಂಹಿತೆಯಲ್ಲೂ ಐದೇ, 2024ರ ಜುಲೈಯಿಂದ ಅದರ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಐದೇ. ಕೇಸು ಹಾಕಲು ಐದರ ಆಚೆಗೆ ಎಣಿಸುವ ಅಗತ್ಯವೇ ಇಲ್ಲ. ನಮ್ಮ ಲೆಕ್ಕ ಸಾವಿರಗಳಲ್ಲಿದ್ದರೆ ಠಾಣೆಯ ಲೆಕ್ಕ ಐದರಲ್ಲೇ ಮುಗಿಯುತ್ತದೆ. ಹಾಳೆಯಲ್ಲಿ ಒಂಬತ್ತು ಹೆಸರುಗಳಿದ್ದವು, ಪ್ರತಿ ಹೆಸರಿನ ಮುಂದೆ ತಂದೆಯ ಹೆಸರು, ಜಾತಿ, ಊರು. ಅದರ ಕೆಳಗೆ 'ಹಾಗೂ ಇತರೆ' ಎಂದು ಬರೆದಿತ್ತು, ಸಂಖ್ಯೆಯ ಜಾಗ ಖಾಲಿ ಬಿಟ್ಟಿತ್ತು.

ಆ ಒಂಬತ್ತು ಹೆಸರುಗಳನ್ನು ನಾನು ಇಲ್ಲಿ ಬರೆಯುತ್ತಿಲ್ಲ. ಅವರಲ್ಲಿ ಇಬ್ಬರು ಬದುಕಿದ್ದಾರೆ. ಒಬ್ಬರನ್ನು ಹೋಗಿ ಕಂಡೆ. ಟ್ರಂಕಿನ ತಳದಿಂದ ಅವತ್ತಿನ ಕರಪತ್ರ ತೆಗೆದು ತೋರಿಸಿದರು, ಅರ್ಧ ಗೆದ್ದಲು ತಿಂದಿತ್ತು. ಚಂದಾ ಕೊಟ್ಟವರ ಒಂದು ಪುಟ್ಟ ಪುಸ್ತಕವೂ ಇತ್ತು. ಒಂದು ರೂಪಾಯಿ, ಎಂಟಾಣೆ, ಎರಡು ಸೇರು ರಾಗಿ ಎಂದು ಬರೆದುಕೊಂಡು ಹೋಗಿದ್ದಾರೆ. 37 ಹಳ್ಳಿಗಳ ಹೆಸರಿದೆ. ನಮ್ಮೂರಿನ ಹೆಸರಿನ ಮುಂದೆ '15 ಜನ, ಊಟ ಅವರದೇ' ಎಂದಿದೆ. ಎಲ್ಲ ಹಳ್ಳಿಗಳ ಜನರನ್ನೂ ಕೂಡಿದೆ. ಪುಸ್ತಕದಲ್ಲಿ ಬರೆದಷ್ಟು 1,140. ಗೆದ್ದಲು ತಿಂದ ಎರಡು ಪುಟಗಳ ಲೆಕ್ಕ ಇದರಲ್ಲಿ ಸೇರಿಲ್ಲ, ದಾರಿಯಲ್ಲಿ ಸೇರಿಕೊಂಡ ಪಟ್ಟಣದ ಜನರೂ ಸೇರಿಲ್ಲ. ಪತ್ರಿಕೆಯ ಕೆಲವು ನೂರು ಸುಳ್ಳು ಎಂಬುದಕ್ಕೆ ಇಷ್ಟು ಸಾಕು. ಅಪ್ಪನ ಐದು ಸಾವಿರವೂ ಇರಲಿಕ್ಕಿಲ್ಲ ಎಂಬುದನ್ನೂ ಒಪ್ಪಿಕೊಳ್ಳಬೇಕು.

ಅದನ್ನು ಅಪ್ಪನಿಗೆ ಹೇಳಿದೆ. ಸಿಟ್ಟು ಮಾಡಿಕೊಳ್ಳುತ್ತಾನೇನೋ ಅಂದುಕೊಂಡಿದ್ದೆ. "ಹದಿನೈದು ಸರ್ಯಾಗೇ ಬರ್ದವ್ರೆ" ಅಂದ. ಆಮೇಲೆ ಆ ಹದಿನೈದು ಜನರ ಹೆಸರನ್ನು ಬೆರಳು ಮಡಿಸುತ್ತಾ ಹೇಳಿದ. ಹದಿಮೂರಕ್ಕೆ ನಿಂತ. ಇನ್ನಿಬ್ಬರು ಯಾರು ಎಂದು ಅವ್ವನನ್ನು ಕೇಳಿದ, ಅವಳು ಒಬ್ಬರ ಹೆಸರು ಹೇಳಿದಳು.

ನಾಶಪಡಿಸಿದ ಆದೇಶದ ಪ್ರತಿ ಕೇಳಿ ಎರಡನೇ ಮೇಲ್ಮನವಿ ಹಾಕಿದ್ದೇನೆ. ಈ ಸಂಚಿಕೆ ಓದುವವರಲ್ಲಿ ಯಾರ ಮನೆಯಲ್ಲಾದರೂ ಅಂಥ ಚಂದಾ ಪುಸ್ತಕ, ಲಾರಿ ಬಾಡಿಗೆಯ ಚೀಟಿ, ಕರಪತ್ರ ಇದ್ದರೆ ಒಂದು ನಕಲು ಮಾಡಿಸಿಡಿ, ಗೆದ್ದಲು ಹಿಡಿಯುವ ಮೊದಲೇ. ಹೆಸರುಗಳಿರುವ ಪುಟವನ್ನು ಯಾರಿಗೂ ಕೊಡುವ ಮೊದಲು ಆ ಹೆಸರಿನವರನ್ನು ಹೋಗಿ ಕೇಳಿ.